ಕೀಲಿ ಯಾರ ಕೈಯಲ್ಲಿದೆ? ಎನ್‌ಕ್ರಿಪ್ಶನ್ ಸರಿಯಾಗಿ ಬಳಸೋದಕ್ಕೆ ಒಂದು ಮಾರ್ಗದರ್ಶಿ

2013ರ ಜೂನ್‌ನಲ್ಲಿ, ಅಮೆರಿಕದ ಬೇಹು ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಅವರಿಂದ ಅಮೆರಿಕದ ಬೇಹುಗಾರಿಕೆಯ ದಾಖಲೆಗಳು ಹೊರಗೆ ಬಂದವು. ಇಂಟರ್ನೆಟ್‌ನಲ್ಲಿ ಜನ ಏನು ಮಾಡುತ್ತಾರೆ ಅನ್ನೋದನ್ನು ಎಷ್ಟು ದೊಡ್ಡ ಮಟ್ಟದಲ್ಲಿ ಗಮನಿಸಲಾಗುತ್ತಿದೆ ಅಂತ ಆಗ ಲೋಕಕ್ಕೆಲ್ಲ ಗೊತ್ತಾಯಿತು. ಆಮೇಲೆ ಜೊನಾಥನ್ ಪೆನ್ನಿ ಎಂಬ ಸಂಶೋಧಕರು ಒಂದು ಲೆಕ್ಕ ತೆಗೆದರು. ಭಯೋತ್ಪಾದನೆಗೆ ಸಂಬಂಧಪಟ್ಟ 48 ವಿಕಿಪೀಡಿಯ ಪುಟಗಳನ್ನು ಆ ಜೂನ್‌ಗೆ ಮೊದಲು ಎಷ್ಟು ಸಲ ತೆರೆಯಲಾಗಿತ್ತು, ನಂತರ ಎಷ್ಟು ಸಲ? 2016ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಭೇಟಿಗಳು ಎದ್ದು ಕಾಣುವಷ್ಟು ಇಳಿದಿದ್ದವು. ಆ ಪುಟಗಳಿಗೆ ನಿಷೇಧ ಇರಲಿಲ್ಲ. ವಿಕಿಪೀಡಿಯ ಓದೋದು ಅಪರಾಧವೂ ಆಗಿರಲಿಲ್ಲ. ಯಾರೋ ನೋಡುತ್ತಿರಬಹುದು ಅನ್ನುವ ಗುಮಾನಿ ಸಾಕಾಗಿತ್ತು.

ಅಭಿವ್ಯಕ್ತಿ ಸ್ವಾತಂತ್ರ್ಯ ಅಂದ ಕೂಡಲೇ ನಮಗೆ ಭಾಷಣ, ಲೇಖನ, ಪೋಸ್ಟ್ ನೆನಪಾಗುತ್ತವೆ. ಆದರೆ ಮಾತು ಹೊರಗೆ ಬರುವ ಮೊದಲು ಓದಬೇಕು, ತಿಳಿದವರನ್ನು ಕೇಳಬೇಕು, ಇನ್ನೂ ಪಕ್ವವಾಗದ ಯೋಚನೆಯನ್ನು ನಂಬಿದವರ ಹತ್ತಿರ ಆಡಿ ನೋಡಬೇಕು. ಅಲ್ಲೇ ಹೆದರಿಕೆ ಶುರುವಾದರೆ ಮುಂದಿನ ಮಾತು ಹುಟ್ಟುವುದೇ ಇಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಡೇವಿಡ್ ಕೇ 2015ರಲ್ಲಿ ಮಾನವ ಹಕ್ಕುಗಳ ಮಂಡಳಿಗೆ ಕೊಟ್ಟ ವರದಿಯ ತಿರುಳೂ ಇದೇ. ಡಿಜಿಟಲ್ ಕಾಲದಲ್ಲಿ ಜನ ತಮ್ಮದೇ ಅಭಿಪ್ರಾಯ ಇಟ್ಟುಕೊಳ್ಳೋಕೆ, ಅದನ್ನು ಹೇಳೋಕೆ ಎನ್‌ಕ್ರಿಪ್ಶನ್ ಮತ್ತು ಅನಾಮಿಕತೆ ನೆರವಾಗುತ್ತವೆ, ಹಾಗಾಗಿ ಅವಕ್ಕೆ ಗಟ್ಟಿ ರಕ್ಷಣೆ ಬೇಕು ಅಂತ ಅವರು ಹೇಳಿದರು.

ಎನ್‌ಕ್ರಿಪ್ಶನ್ ಅಂದರೆ ಸರಳವಾಗಿ ಇಷ್ಟು: ಮಾಹಿತಿಯನ್ನು ಅರ್ಥವಾಗದ ರೂಪಕ್ಕೆ ತಿರುಗಿಸುವುದು. ಕೀಲಿ ಇದ್ದವರು ಮಾತ್ರ ಅದನ್ನು ಮತ್ತೆ ಓದಬಲ್ಲರು. ಈಗ ಎಲ್ಲ ಕಂಪನಿಗಳೂ "ನಿಮ್ಮ ಡೇಟಾ ಎನ್‌ಕ್ರಿಪ್ಟ್ ಆಗಿದೆ" ಅನ್ನುತ್ತವೆ. ಸುಳ್ಳೇನೂ ಅಲ್ಲ, ಆದರೆ ಅರ್ಧ ಮಾತು. ಕೇಳಬೇಕಾದ ಪ್ರಶ್ನೆ ಒಂದೇ. ಕೀಲಿ ಯಾರ ಹತ್ತಿರ ಇದೆ? ಕಂಪನಿಯ ಹತ್ತಿರ ಇದ್ದರೆ ಅವರ ಸಿಬ್ಬಂದಿ ತೆರೆಯಬಹುದು, ಅವರ ಸರ್ವರ್‌ಗೆ ನುಗ್ಗಿದವರು ತೆರೆಯಬಹುದು, ಆದೇಶ ಹಿಡಿದು ಬಂದ ಅಧಿಕಾರಿಗೆ ಅವರೇ ತೆರೆದು ಕೊಡಬಹುದು. ನಿಮ್ಮ ಮತ್ತು ಎದುರಿನವರ ಸಾಧನದಲ್ಲಿ ಮಾತ್ರ ಕೀಲಿ ಇದ್ದರೆ ಅದು ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಪ್ರಶ್ನೆಯನ್ನೇ ಕೇಳುತ್ತಾ ಹೋಗೋಣ.

ಮೊದಲು: ಯಾರಿಂದ ಕಾಪಾಡಬೇಕು?

ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಏನನ್ನು ಮುಚ್ಚಿಡಬೇಕು? ಯಾರಿಂದ? ಮನೆಯಲ್ಲೇ ಫೋನ್ ತೆಗೆದು ನೋಡುವವರಿಂದಲೋ, ಕದ್ದ ಫೋನ್ ತೆರೆಯುವವರಿಂದಲೋ, ಕೆಲಸ ಕೊಟ್ಟವರಿಂದಲೋ, ಸರ್ಕಾರದಿಂದಲೋ? ಉತ್ತರ ಬೇರೆ ಆದರೆ ಮಾಡಬೇಕಾದ ಕೆಲಸವೂ ಬೇರೆ. ಫೋನ್‌ನ ಪಿನ್ ಗೊತ್ತಿರುವ ಗಂಡನಿಂದ ಮೆಸೇಜ್ ಮುಚ್ಚಿಡಬೇಕಾದ ಹೆಣ್ಣುಮಗಳಿಗೆ, ಇಂಟರ್ನೆಟ್‌ನಲ್ಲಿ ಗುರುತು ಮುಚ್ಚುವ ಟಾರ್ ಬ್ರೌಸರ್ ಹಾಕಿಕೊಟ್ಟರೆ ಏನೂ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಹೊಸ ಪಿನ್ ಮತ್ತು ತಾನಾಗಿಯೇ ಅಳಿಯುವ ಮೆಸೇಜ್.

ಫೋನ್ ಮತ್ತು ಕಂಪ್ಯೂಟರ್‌ಗೆ ಗಟ್ಟಿ ಬೀಗ

ಈಗಿನ ಆಂಡ್ರಾಯ್ಡ್ ಮತ್ತು ಐಫೋನ್‌ಗಳು ಒಳಗಿನ ಡೇಟಾವನ್ನು ತಾವಾಗಿಯೇ ಎನ್‌ಕ್ರಿಪ್ಟ್ ಮಾಡುತ್ತವೆ. ಆದರೆ ಆ ಕೀಲಿ ನಿಮ್ಮ ಪಿನ್‌ಗೆ ಕಟ್ಟಿಕೊಂಡಿದೆ. ಪಿನ್ ಪೊಳ್ಳಾದರೆ ಎನ್‌ಕ್ರಿಪ್ಶನ್ ಕೂಡ ಪೊಳ್ಳು. ನಾಲ್ಕು ಅಂಕಿಯ ಪಿನ್‌ಗೆ ಇರುವುದು 10,000 ಸಾಧ್ಯತೆ. ಆರು ಅಂಕಿಗೆ 10 ಲಕ್ಷ. ಅಪಾಯ ಜಾಸ್ತಿ ಇರುವವರು ಅಕ್ಷರ ಸೇರಿದ ಪಾಸ್‌ವರ್ಡನ್ನೇ ಹಾಕಿಕೊಳ್ಳಿ.

2016ರಲ್ಲಿ ಆಪಲ್ ಮತ್ತು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಡುವೆ ದೊಡ್ಡ ಜಟಾಪಟಿ ನಡೆಯಿತು. ಸ್ಯಾನ್ ಬರ್ನಾರ್ಡಿನೊ ಗುಂಡಿನ ದಾಳಿಯ ಆರೋಪಿಯ ಐಫೋನ್ ತೆರೆಯಲು ವಿಶೇಷ ಸಾಫ್ಟ್‌ವೇರ್ ಬರೆದುಕೊಡಿ ಅಂತ ಎಫ್‌ಬಿಐ ಕೇಳಿತು. ಆಪಲ್ ಒಪ್ಪಲಿಲ್ಲ. ಕೊನೆಗೆ ಎಫ್‌ಬಿಐ ಬೇರೆಯವರ ನೆರವಿನಿಂದ ಫೋನ್ ತೆರೆದು ಕೇಸ್ ಕೈಬಿಟ್ಟಿತು. ಫೋನ್ ಎದುರಾಳಿಯ ಕೈಗೆ ಸಿಕ್ಕಮೇಲೆ ಕಂಪನಿಯ ನಿಲುವು ಎಷ್ಟು ಮುಖ್ಯವೋ, ನಿಮ್ಮ ಪಾಸ್‌ಕೋಡ್ ಮತ್ತು ನೀವು ಹಾಕಿಕೊಂಡ ಅಪ್‌ಡೇಟ್ ಕೂಡ ಅಷ್ಟೇ ಮುಖ್ಯ.

ಬೆರಳಚ್ಚು, ಮುಖ ಎರಡೂ ಅನುಕೂಲವೇ. ಆದರೆ ನಿದ್ದೆಯಲ್ಲಿರುವವರ ಬೆರಳನ್ನು ಯಾರು ಬೇಕಾದರೂ ಫೋನ್ ಮೇಲೆ ಒತ್ತಬಹುದು, ಅಲ್ವಾ? ಪ್ರತಿಭಟನೆಗೆ ಹೋಗುವಾಗ, ಗಡಿ ದಾಟುವಾಗ ಫೋನನ್ನು ಪೂರ್ತಿ ಆಫ್ ಮಾಡಿ. ಆನ್ ಮಾಡಿ ಮೊದಲ ಸಲ ಪಾಸ್‌ಕೋಡ್ ಹಾಕುವ ತನಕ ಹೆಚ್ಚಿನ ಕೀಲಿಗಳು ಫೋನ್‌ನ ಮೆಮೊರಿಗೆ ಬಂದೇ ಇರುವುದಿಲ್ಲ. ಆ ಸ್ಥಿತಿಯಲ್ಲಿ ಫೋನ್ ತೆರೆಯುವುದು ಬಲು ಕಷ್ಟ.

ಕಂಪ್ಯೂಟರ್‌ನಲ್ಲಿ ಎನ್‌ಕ್ರಿಪ್ಶನ್ ಆನ್ ಆಗಿದೆಯೇ ಅಂತ ನೀವೇ ನೋಡಬೇಕು, ಆಗಿಲ್ಲದಿದ್ದರೆ ಆನ್ ಮಾಡಬೇಕು. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್. ಲಿನಕ್ಸ್ ಆದರೆ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಶನ್ ಆರಿಸಿಕೊಳ್ಳಿ. ಇಲ್ಲೂ ಅದೇ ಪ್ರಶ್ನೆ ಕೇಳಿ. ವಿಂಡೋಸ್‌ನ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆದಾಗ ಅದರ ರಿಕವರಿ ಕೀ, ಅಂದರೆ ಬೇರೆ ದಾರಿ ಇಲ್ಲದಾಗ ಡಿಸ್ಕ್ ತೆರೆಯುವ ಕೀಲಿ, ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೂರುತ್ತದೆ. ಲ್ಯಾಪ್‌ಟಾಪ್ ಕಳ್ಳನಿಂದ ಕಾಪಾಡಲು ಇದು ಸಾಕು. ಕಂಪನಿಯ ಹತ್ತಿರ ಕೀಲಿ ಇರುವುದೇ ಬೇಡ ಅನ್ನುವವರು ಅದನ್ನು ಬರೆದಿಟ್ಟುಕೊಂಡು ಖಾತೆಯಿಂದ ಅಳಿಸಿಹಾಕಬೇಕು.

ಮುಖ್ಯವಾದ ಪಾಸ್‌ವರ್ಡ್‌ಗಳನ್ನು ದಾಳ ಹಾಕಿ ಮಾಡಿ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಹೇಳಿಕೊಟ್ಟ ಡೈಸ್‌ವೇರ್ ಪದ್ಧತಿ ಇದು. 7,776 ಪದಗಳ ಪಟ್ಟಿ ಇರುತ್ತದೆ. ದಾಳವನ್ನು ಐದು ಸಲ ಹಾಕಿ ಬಂದ ಸಂಖ್ಯೆಗೆ ಯಾವ ಪದ ಇದೆಯೋ ಅದನ್ನು ತೆಗೆದುಕೊಳ್ಳಿ. ಹೀಗೆ ಆರು ಪದ. ಒಟ್ಟು ಸಾಧ್ಯತೆ 2ರ ಮುಂದೆ 23 ಸೊನ್ನೆ ಹಾಕಿದ್ದಕ್ಕಿಂತ ಜಾಸ್ತಿ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನೆನಪಿಡಲು ಸುಲಭ. ಆದರೆ ಪದ ಆರಿಸುವ ಕೆಲಸ ದಾಳಕ್ಕೇ ಬಿಡಿ. ಗಾದೆ, ವಚನದ ಸಾಲು, ಸಿನಿಮಾ ಹಾಡು, ಮಕ್ಕಳ ಹೆಸರು ಯಾವುದೂ ಬೇಡ. ನಿಮಗೆ ನೆನಪಿಗೆ ಬಂದ ಸಾಲು ಇನ್ನೊಬ್ಬರಿಗೂ ಬರುತ್ತದೆ. ಇಂಥ ಪಾಸ್‌ವರ್ಡ್ ಒಂದೋ ಎರಡೋ ಇದ್ದರೆ ಸಾಕು. ಉಳಿದವನ್ನು ಪಾಸ್‌ವರ್ಡ್ ಮ್ಯಾನೇಜರ್ ನೆನಪಿಟ್ಟುಕೊಳ್ಳಲಿ.

ಮೆಸೇಜ್: ಹೆಚ್ಚಿನ ಕೆಲಸ ಇರುವುದು ಇಲ್ಲೇ

ಸಾಮಾನ್ಯ ಎಸ್‌ಎಂಎಸ್‌ನಲ್ಲಿ ಎಂಡ್-ಟು-ಎಂಡ್ ರಕ್ಷಣೆ ಇಲ್ಲವೇ ಇಲ್ಲ. ಮೊಬೈಲ್ ಕಂಪನಿ ಓದಬಹುದು. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ತನ್ನ 100 ಕೋಟಿಗೂ ಮೀರಿದ ಬಳಕೆದಾರರಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಕೊಟ್ಟಿತು. ಅದರ ಒಳಗಿರುವುದು ಸಿಗ್ನಲ್ ಎಂಬ ಇನ್ನೊಂದು ಮೆಸೇಜ್ ಆ್ಯಪ್‌ನವರ ಪ್ರೋಟೊಕಾಲ್, ಅಂದರೆ ಎನ್‌ಕ್ರಿಪ್ಟ್ ಮಾಡುವ ವಿಧಾನ. ಅಲ್ಲಿಯವರೆಗೆ ಇಷ್ಟು ಜನರ ಕೈಗೆ ಇಷ್ಟು ಗಟ್ಟಿ ರಕ್ಷಣೆ, ಅವರು ಏನೂ ಒತ್ತದೆಯೇ, ಒಂದೇ ಏಟಿಗೆ ಸಿಕ್ಕಿರಲಿಲ್ಲ.

ಟೆಲಿಗ್ರಾಮ್ ಬಗ್ಗೆ ತಪ್ಪು ಕಲ್ಪನೆ ಬಹಳ ಇದೆ. ಅದರ ಸಾಮಾನ್ಯ ಚಾಟ್‌ಗಳು, ಗುಂಪುಗಳು ಎಂಡ್-ಟು-ಎಂಡ್ ಅಲ್ಲ. ಅವುಗಳ ಕೀಲಿ ಕಂಪನಿಯ ಹತ್ತಿರವೇ ಇದೆ. ಇಬ್ಬರ ನಡುವೆ ನೀವಾಗಿಯೇ ಶುರುಮಾಡುವ ಸೀಕ್ರೆಟ್ ಚಾಟ್‌ಗೆ ಮಾತ್ರ ಆ ರಕ್ಷಣೆ. ಚಾನೆಲ್ ಓದೋಕೆ ಟೆಲಿಗ್ರಾಮ್ ಚೆನ್ನಾಗಿದೆ. ಗುಟ್ಟು ಹೇಳೋಕೆ ನಾನು ಅದನ್ನು ಶಿಫಾರಸು ಮಾಡೋದಿಲ್ಲ.

ವಾಟ್ಸ್‌ಆ್ಯಪ್ ಮತ್ತು ಸಿಗ್ನಲ್ ನಡುವೆ ಆರಿಸಬೇಕಾದರೆ? ಮೆಸೇಜ್‌ನ ಒಳಗಿನ ಮಾತಿಗೆ ಎರಡೂ ಗಟ್ಟಿಯೇ. ವ್ಯತ್ಯಾಸ ಇರುವುದು ಮೆಟಾಡೇಟಾದಲ್ಲಿ, ಅಂದರೆ ಯಾರು ಯಾರ ಜೊತೆ ಯಾವಾಗ ಮಾತಾಡಿದರು ಅನ್ನುವ ವಿವರದಲ್ಲಿ. ಎನ್‌ಕ್ರಿಪ್ಶನ್ ಕಾಗದವನ್ನು ಮುಚ್ಚುತ್ತದೆ, ಲಕೋಟೆಯ ಮೇಲಿನ ವಿಳಾಸ ಕಾಣುತ್ತಲೇ ಇರುತ್ತದೆ. ಪತ್ರಕರ್ತರೊಬ್ಬರಿಗೆ ಸುದ್ದಿ ಕೊಟ್ಟ ನೌಕರನನ್ನು ಹಿಡಿಯಲು ಮಾತು ಬೇಕಿಲ್ಲ, ಅವರಿಬ್ಬರೂ ಮಾತಾಡಿದ್ದಾರೆ ಅನ್ನುವ ದಾಖಲೆಯೇ ಸಾಕು. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು ಸಿಗ್ನಲ್‌ಗೆ ಮಾಹಿತಿ ಕೇಳಿ ಆದೇಶ ಕಳಿಸಿತು. ಸಿಗ್ನಲ್ ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸರ್ವರ್‌ಗೆ ಸಂಪರ್ಕವಾದ ದಿನ. ಬೇರೇನನ್ನೂ ಅವರು ಇಟ್ಟುಕೊಂಡಿರಲೇ ಇಲ್ಲ. ಹಾಗಾಗಿ ಮನೆ ಮಂದಿಯ ಮಾತಿಗೆ ವಾಟ್ಸ್‌ಆ್ಯಪ್ ಇರಲಿ. ಯಾರ ಜೊತೆ ಮಾತಾಡಿದಿರಿ ಅನ್ನುವುದೇ ಅಪಾಯವಾಗಿದ್ದರೆ ಸಿಗ್ನಲ್ ಬಳಸಿ.

ಆ್ಯಪ್ ಹಾಕಿಕೊಂಡರೆ ಮುಗಿಯಲಿಲ್ಲ. ಈ ಕೆಲಸಗಳನ್ನು ಒಂದೊಂದಾಗಿ ಮಾಡಿ.

1. ಎದುರಿನವರನ್ನು ಖಚಿತಪಡಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಚಾಟ್ ತೆರೆದು ಹೆಸರು ಒತ್ತಿ, ಎನ್‌ಕ್ರಿಪ್ಶನ್ ಅನ್ನುವಲ್ಲಿ ಹೋದರೆ 60 ಅಂಕಿಯ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಕಾಣುತ್ತದೆ. ಸಿಗ್ನಲ್‌ನಲ್ಲಿ ಇದಕ್ಕೆ ಸೇಫ್ಟಿ ನಂಬರ್ ಅನ್ನುತ್ತಾರೆ. ಎದುರುಬದುರು ಸಿಕ್ಕಾಗ ಒಬ್ಬರ ಕೋಡನ್ನು ಇನ್ನೊಬ್ಬರು ಸ್ಕ್ಯಾನ್ ಮಾಡಿ. ಹೊಂದಿಕೆಯಾದರೆ ನಡುವೆ ಯಾರೂ ಕೂತಿಲ್ಲ ಅಂತ ಅರ್ಥ. ಎಲ್ಲರ ಜೊತೆ ಇದನ್ನು ಮಾಡುತ್ತಾ ಕೂರಬೇಡಿ. ಮುಖ್ಯವಾದ ಕೆಲವರ ಜೊತೆ ಸಾಕು.

2. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ ಸೆಕ್ಯುರಿಟಿ ನೋಟಿಫಿಕೇಶನ್ ಆನ್ ಮಾಡಿ. ಎದುರಿನವರ ಕೋಡ್ ಬದಲಾದರೆ ಸೂಚನೆ ಬರುತ್ತದೆ. ಹೆಚ್ಚಿನ ಸಲ ಅವರು ಹೊಸ ಫೋನ್ ತೆಗೆದುಕೊಂಡಿರುತ್ತಾರೆ, ಅಷ್ಟೇ. ಆದರೂ ಒಂದು ಫೋನ್ ಮಾಡಿ ಕೇಳಿಬಿಡಿ.

3. ಅಲ್ಲೇ ಟು-ಸ್ಟೆಪ್ ವೆರಿಫಿಕೇಶನ್‌ನಲ್ಲಿ 6 ಅಂಕಿಯ ಪಿನ್ ಹಾಕಿ. ಸಿಗ್ನಲ್‌ನಲ್ಲಿ ರಿಜಿಸ್ಟ್ರೇಶನ್ ಲಾಕ್. ಇದಿಲ್ಲದಿದ್ದರೆ ನಿಮ್ಮ ಸಿಮ್ ನಂಬರನ್ನು ಮೋಸದಿಂದ ತಮ್ಮದಾಗಿಸಿಕೊಂಡವರು ಒಟಿಪಿ ಪಡೆದು ನಿಮ್ಮ ಖಾತೆಯನ್ನೇ ತೆಗೆದುಕೊಳ್ಳಬಹುದು.

4. ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಗುರುತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ತಕ್ಷಣ ಲಾಗ್ ಔಟ್ ಮಾಡಿ. ಎನ್‌ಕ್ರಿಪ್ಶನ್ ಮುರಿಯುವ ಗೋಜಿಗೆ ಯಾರು ಹೋಗುತ್ತಾರೆ? ಐದು ನಿಮಿಷ ಫೋನ್ ಸಿಕ್ಕರೆ ಸಾಕು, ತಮ್ಮ ಸಾಧನವನ್ನು ಜೋಡಿಸಿಬಿಡುತ್ತಾರೆ.

5. ತಾನಾಗಿಯೇ ಅಳಿಯುವ ಮೆಸೇಜ್ ಆನ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ 24 ಗಂಟೆ, 7 ದಿನ, 90 ದಿನ ಹೀಗೆ ಅವಧಿ ಆರಿಸಬಹುದು. ಸ್ಕ್ರೀನ್‌ಶಾಟ್ ತೆಗೆಯುವವರನ್ನು ಇದು ತಡೆಯುವುದಿಲ್ಲ. ನಾಳೆ ಫೋನ್ ಬೇರೆಯವರ ಕೈಗೆ ಹೋದಾಗ ಹಳೆಯ ಮಾತು ಅಲ್ಲಿ ಇರುವುದಿಲ್ಲ, ಲಾಭ ಅಷ್ಟೇ. ಅದು ಸಣ್ಣ ಲಾಭವೇನಲ್ಲ.

ಗುಂಪಿನಲ್ಲಿ ಯಾರಿದ್ದಾರೆ ಅಂತ ನೋಡುವ ಅಭ್ಯಾಸವೂ ಇರಲಿ. 2025ರ ಮಾರ್ಚ್‌ನಲ್ಲಿ ಅಮೆರಿಕದ ಹಿರಿಯ ಅಧಿಕಾರಿಗಳು ಯೆಮೆನ್ ಮೇಲಿನ ದಾಳಿಯ ಬಗ್ಗೆ ಸಿಗ್ನಲ್ ಗುಂಪೊಂದರಲ್ಲಿ ಚರ್ಚೆ ಮಾಡುತ್ತಿದ್ದರು. ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೈಕ್ ವಾಲ್ಟ್ಜ್ ಅವರ ಖಾತೆಯಿಂದ ಆ ಗುಂಪಿಗೆ 'ದಿ ಅಟ್ಲಾಂಟಿಕ್' ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಸೇರ್ಪಡೆಯಾಗಿಬಿಟ್ಟಿದ್ದರು. ಎನ್‌ಕ್ರಿಪ್ಶನ್ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಸಂಪಾದಕರಿಗೂ ಒಂದು ಕೀಲಿ ಕೊಟ್ಟಿತು.

ಇನ್ನೊಂದು ಮಿತಿ ಇದೆ. ಪೆಗಾಸಸ್‌ನಂಥ ಬೇಹು ಸಾಫ್ಟ್‌ವೇರ್ ಫೋನ್ ಒಳಗೇ ಕೂತರೆ, ನೀವು ಓದುವ ಮೆಸೇಜನ್ನು ಅದೂ ಓದುತ್ತದೆ. ಪತ್ರಕರ್ತರು, ಹೋರಾಟಗಾರರು, ವಕೀಲರು ಇದಕ್ಕೆ ಗುರಿಯಾಗಿರುವುದು ವರದಿಯಾಗಿದೆ. ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ. ಐಫೋನ್ ಇದ್ದು ಇಂಥ ಅಪಾಯ ಇದೆ ಅನ್ನಿಸಿದರೆ 2022ರಲ್ಲಿ ಬಂದ ಲಾಕ್‌ಡೌನ್ ಮೋಡ್ ಆನ್ ಮಾಡಿ. ಕೆಲವು ಅನುಕೂಲ ಕಡಿಮೆಯಾಗುತ್ತವೆ, ದಾಳಿಗೆ ಸಿಗುವ ದಾರಿಗಳೂ ಕಡಿಮೆಯಾಗುತ್ತವೆ.

ಬ್ಯಾಕಪ್ ಮರೆಯಬೇಡಿ

ಚಾಟ್ ಪೂರ್ತಿ ಎಂಡ್-ಟು-ಎಂಡ್. ಆದರೆ ದಿನಾ ರಾತ್ರಿ ಅದರ ಪ್ರತಿ ಕ್ಲೌಡ್‌ಗೆ ಹೋಗುತ್ತದೆ, ಅಲ್ಲಿನ ಕೀಲಿ ಬೇರೆಯವರ ಹತ್ತಿರ. ಇಷ್ಟೆಲ್ಲ ಮಾಡಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ ಆಗುವುದು ಇಲ್ಲೇ.

ವಾಟ್ಸ್‌ಆ್ಯಪ್ 2021ರಿಂದ ಎನ್‌ಕ್ರಿಪ್ಟ್ ಆದ ಬ್ಯಾಕಪ್ ಕೊಡುತ್ತಿದೆ. ಆದರೆ ನೀವೇ ಆನ್ ಮಾಡಬೇಕು. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಅಲ್ಲಿ ಪಾಸ್‌ವರ್ಡ್ ಹಾಕಬಹುದು, ಇಲ್ಲವೇ 64 ಅಂಕಿ-ಅಕ್ಷರಗಳ ಕೀಲಿ ಬರೆದಿಟ್ಟುಕೊಳ್ಳಬಹುದು. ನೀವೊಬ್ಬರೇ ಮಾಡಿದರೆ ಅರ್ಧ ಕೆಲಸ. ಎದುರಿನವರ ಬ್ಯಾಕಪ್‌ನಲ್ಲೂ ನಿಮ್ಮ ಮಾತಿದೆ. ಅವರಿಗೂ ಹೇಳಿ.

ಐಫೋನ್‌ನಲ್ಲಿ ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್ ಎಂಬ ಸೌಲಭ್ಯ 2022ರ ಕೊನೆಯಲ್ಲಿ ಬಂತು. ಅದನ್ನು ಆನ್ ಮಾಡಿದರೆ ಐಕ್ಲೌಡ್ ಬ್ಯಾಕಪ್ ಮತ್ತು ಫೋಟೋಗಳ ಕೀಲಿ ಆಪಲ್ ಹತ್ತಿರ ಉಳಿಯುವುದಿಲ್ಲ. 2025ರ ಫೆಬ್ರುವರಿಯಲ್ಲಿ ಬ್ರಿಟನ್‌ನ ಹೊಸ ಬಳಕೆದಾರರಿಗೆ ಈ ಸೌಲಭ್ಯವನ್ನು ಆಪಲ್ ನಿಲ್ಲಿಸಿತು. ಅಲ್ಲಿನ ಸರ್ಕಾರ ಬಳಕೆದಾರರ ಡೇಟಾ ನೋಡಲು ದಾರಿ ಕೇಳಿದೆ ಅನ್ನುವ ವರದಿಗಳು ಬಂದ ಸ್ವಲ್ಪ ದಿನಕ್ಕೆ ಇದಾಯಿತು.

"ಒಳ್ಳೆಯವರಿಗೆ ಮಾತ್ರ" ತೆರೆಯುವ ಬಾಗಿಲು

ಪೊಲೀಸರಿಗೆ ಮಾತ್ರ ಒಂದು ಕೀಲಿ ಕೊಟ್ಟರೆ ಏನು ತಪ್ಪು ಅಂತ ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಇದನ್ನು ಮಾಡಿ ನೋಡಿದ ಅನುಭವ ಜಗತ್ತಿಗೆ ಇದೆ. 1993ರಲ್ಲಿ ಅಮೆರಿಕ ಸರ್ಕಾರ ಕ್ಲಿಪ್ಪರ್ ಚಿಪ್ ತಂದಿತು. ಫೋನ್ ಮಾತನ್ನು ಅದು ಎನ್‌ಕ್ರಿಪ್ಟ್ ಮಾಡುತ್ತಿತ್ತು, ಸರ್ಕಾರಕ್ಕೂ ಕೀಲಿ ಇರುತ್ತಿತ್ತು. ಮರುವರ್ಷವೇ ಮ್ಯಾಟ್ ಬ್ಲೇಝ್ ಎಂಬ ತಜ್ಞರು ಅದರಲ್ಲಿ ದೋಷ ಹುಡುಕಿದರು. ಯೋಜನೆ ಮೂಲೆಗೆ ಬಿತ್ತು. 2004–05ರಲ್ಲಿ ಗ್ರೀಸ್‌ನಲ್ಲಿ ಮೊಬೈಲ್ ಜಾಲದ ಕಾನೂನುಬದ್ಧ ಕದ್ದಾಲಿಕೆ ವ್ಯವಸ್ಥೆಯನ್ನೇ ಬಳಸಿ ಪ್ರಧಾನಿ ಸೇರಿ ನೂರಕ್ಕೂ ಹೆಚ್ಚು ಜನರ ಫೋನ್ ಕೇಳಿಸಿಕೊಳ್ಳಲಾಗಿತ್ತು. 2024ರಲ್ಲಿ ಸಾಲ್ಟ್ ಟೈಫೂನ್ ಎಂದು ಹೆಸರಿಟ್ಟ ಹ್ಯಾಕರ್ ಗುಂಪು ಅಮೆರಿಕದ ಟೆಲಿಕಾಂ ಕಂಪನಿಗಳಿಗೆ ನುಗ್ಗಿದ್ದು ಬಯಲಾಯಿತು. ಆಗ ಅಲ್ಲಿನ ಅಧಿಕಾರಿಗಳೇ ಎನ್‌ಕ್ರಿಪ್ಟ್ ಆದ ಮೆಸೇಜಿಂಗ್ ಬಳಸಿ ಅಂತ ಜನರಿಗೆ ಹೇಳಬೇಕಾಯಿತು. 2024ರ ಫೆಬ್ರುವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರಷ್ಯಾದ ಪ್ರಕರಣವೊಂದರಲ್ಲಿ, ಎಲ್ಲ ಬಳಕೆದಾರರ ಎನ್‌ಕ್ರಿಪ್ಶನ್ ದುರ್ಬಲಗೊಳಿಸುವಂತೆ ಕಂಪನಿಯನ್ನು ಬಲವಂತ ಮಾಡುವುದು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದಿತು.

ಬ್ರೌಸರ್‌ನಲ್ಲಿ ಒಂದೇ ಸ್ವಿಚ್

ನಿಮ್ಮ ಬ್ರೌಸರ್ ಮತ್ತು ಸೈಟ್ ನಡುವಿನ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವುದು ಎಚ್‌ಟಿಟಿಪಿಎಸ್. ಫೈರ್‌ಫಾಕ್ಸ್‌ನಲ್ಲಿ ಎಚ್‌ಟಿಟಿಪಿಎಸ್-ಓನ್ಲಿ ಮೋಡ್, ಕ್ರೋಮ್‌ನಲ್ಲಿ ಆಲ್ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್ ಆನ್ ಮಾಡಿ. ಇಷ್ಟೇ ಕೆಲಸ. ನೀವು ಯಾವ ಸೈಟ್‌ಗೆ ಹೋದಿರಿ ಅಂತ ಇಂಟರ್ನೆಟ್ ಕೊಡುವವರಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಯಾವ ಪುಟ ಓದಿದಿರಿ, ಏನು ಬರೆದಿರಿ ಅಂತ ಗೊತ್ತಾಗುವುದಿಲ್ಲ. ಸೈಟ್ ಪ್ರಾಮಾಣಿಕವೋ ಅಲ್ಲವೋ ಅನ್ನುವುದು ಬೇರೆ ವಿಷಯ. ಮೋಸದ ಸೈಟ್‌ಗಳಿಗೂ ಎಚ್‌ಟಿಟಿಪಿಎಸ್ ಇರುತ್ತದೆ.

ಇದರಿಂದ ಓದುವ ಸ್ವಾತಂತ್ರ್ಯಕ್ಕೆ ಏನಾಯಿತು ನೋಡಿ. ವಿಕಿಪೀಡಿಯ 2015ರಲ್ಲಿ ಪೂರ್ತಿ ಎಚ್‌ಟಿಟಿಪಿಎಸ್‌ಗೆ ಬದಲಾಯಿತು. ಅಲ್ಲಿಂದಾಚೆ ಒಂದೆರಡು ಪುಟ ಮಾತ್ರ ಆರಿಸಿ ತಡೆಯುವುದು ಕಷ್ಟವಾಯಿತು. ಬೇಡವಾದರೆ ಪೂರ್ತಿ ಮುಚ್ಚಬೇಕು. ಟರ್ಕಿ 2017ರ ಏಪ್ರಿಲ್‌ನಲ್ಲಿ ಹಾಗೇ ಮಾಡಿತು. ಪೂರ್ತಿ ಮುಚ್ಚಿದ್ದು ಎಲ್ಲರ ಕಣ್ಣಿಗೂ ಬಿತ್ತು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. 2020ರ ಜನವರಿಯಲ್ಲಿ ವಿಕಿಪೀಡಿಯ ಮತ್ತೆ ತೆರೆಯಿತು. ಗುಟ್ಟಾಗಿ ಒಂದೊಂದೇ ಪುಟ ತಡೆದಿದ್ದರೆ ಇಷ್ಟು ಗಲಾಟೆ ಆಗುತ್ತಿತ್ತೇ?

ವಿಪಿಎನ್, ಟಾರ್, ಇಮೇಲ್

ವಿಪಿಎನ್ ನಿಮ್ಮ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡಿ ಇನ್ನೊಂದು ಕಂಪನಿಯ ಸರ್ವರ್ ಮೂಲಕ ಕಳಿಸುತ್ತದೆ. ಅದು ಮಾಡುವ ಕೆಲಸ ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದು. ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ತಡೆದ ಸೈಟ್ ನೋಡಲು ಉಪಯೋಗಕ್ಕೆ ಬರುತ್ತದೆ, ನಿಮ್ಮಲ್ಲಿ ಕಾನೂನು ಏನಿದೆ ಅಂತ ಮೊದಲು ತಿಳಿದುಕೊಳ್ಳಿ. ಯಾರು ನಡೆಸುತ್ತಾರೆ ಅಂತಲೇ ಗೊತ್ತಿಲ್ಲದ ಪುಕ್ಕಟೆ ವಿಪಿಎನ್ ಹಾಕುವುದಕ್ಕಿಂತ ಸುಮ್ನೆ ಇರೋದು ಮೇಲು.

ಟಾರ್ ಬ್ರೌಸರ್ ಸಾಮಾನ್ಯವಾಗಿ ನಿಮ್ಮ ಸಂಪರ್ಕವನ್ನು ಮೂರು ಕಡೆ ಹಾಯಿಸಿ ಕಳಿಸುತ್ತದೆ. ಮೊದಲನೆಯದಕ್ಕೆ ನೀವು ಯಾರು ಅಂತ ಗೊತ್ತು, ಎಲ್ಲಿಗೆ ಹೋಗುತ್ತಿದ್ದೀರಿ ಗೊತ್ತಿಲ್ಲ. ಕೊನೆಯದಕ್ಕೆ ಹೋಗುವ ಜಾಗ ಗೊತ್ತು, ಹೋಗುವವರು ಯಾರು ಅಂತ ಗೊತ್ತಿಲ್ಲ. ಆದರೆ ನೀವು ಟಾರ್ ಬಳಸುತ್ತಿದ್ದೀರಿ ಅನ್ನುವುದು ನಿಮ್ಮ ಜಾಲದವರಿಗೆ ಕಾಣಬಹುದು. ಕಚೇರಿಯ ವೈಫೈನಲ್ಲಿ ನೀವೊಬ್ಬರೇ ಟಾರ್ ಬಳಸಿದರೆ ಗುಮಾನಿ ನಿಮ್ಮ ಮೇಲೇ ಬರುತ್ತದೆ. ಅದರೊಳಗೆ ಹೋಗಿ ನಿಮ್ಮ ನಿಜವಾದ ಖಾತೆಗೆ ಲಾಗಿನ್ ಆದರೆ ಮುಚ್ಚಿಟ್ಟ ಹೆಸರನ್ನು ನೀವೇ ಹೇಳಿದ ಹಾಗೆ. ಪತ್ರಿಕೆಗೆ ದಾಖಲೆ ಕೊಡಬೇಕಿದ್ದರೆ ಆ ಪತ್ರಿಕೆಗೆ ಸೆಕ್ಯೂರ್‌ಡ್ರಾಪ್ ಇದೆಯಾ ನೋಡಿ. ಹಲವು ದೊಡ್ಡ ಪತ್ರಿಕೆಗಳು ಟಾರ್ ಮೂಲಕ ನಡೆಯುವ ಈ ವ್ಯವಸ್ಥೆಯನ್ನು ಇಟ್ಟುಕೊಂಡಿವೆ.

ಇಮೇಲ್ ಬಗ್ಗೆ ನನ್ನ ಸಲಹೆ ಚಿಕ್ಕದು: ಗುಟ್ಟಿಗೆ ಇಮೇಲ್ ಬೇಡ. ಇಮೇಲ್ ಎನ್‌ಕ್ರಿಪ್ಟ್ ಮಾಡಲು 1991ರಲ್ಲಿ ಫಿಲ್ ಝಿಮ್ಮರ್‌ಮನ್ ಬರೆದ ಪಿಜಿಪಿ ಈಗಲೂ ಇದೆ, ಥಂಡರ್‌ಬರ್ಡ್ ಎಂಬ ಇಮೇಲ್ ಸಾಫ್ಟ್‌ವೇರ್‌ನಲ್ಲಿ ಒಳಗೇ ಬರುತ್ತದೆ. ಅದು ಮಾತನ್ನು ಮುಚ್ಚುತ್ತದೆ, ಯಾರಿಂದ ಯಾರಿಗೆ ಅನ್ನುವುದನ್ನು ಮುಚ್ಚುವುದಿಲ್ಲ. ಬಳಸುವುದೂ ತಲೆನೋವು. 2012ರ ಕೊನೆಯಲ್ಲಿ ಸ್ನೋಡೆನ್ ಹೆಸರು ಹೇಳದೆ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ಬರೆದು, ಪಿಜಿಪಿ ಹಾಕಿಕೊಳ್ಳಿ ಅಂದಿದ್ದರು. ಗ್ರೀನ್‌ವಾಲ್ಡ್ ಹಾಕಿಕೊಳ್ಳಲಿಲ್ಲ. ಆಮೇಲೆ ಸ್ನೋಡೆನ್, ಎನ್‌ಕ್ರಿಪ್ಶನ್ ಗೊತ್ತಿದ್ದ ಸಾಕ್ಷ್ಯಚಿತ್ರ ನಿರ್ದೇಶಕಿ ಲಾರಾ ಪೊಯಿಟ್ರಸ್ ಅವರನ್ನು ಸಂಪರ್ಕಿಸಿದರು. ನಿಮಗೆ ಸುದ್ದಿ ಬರಬೇಕೆಂದರೆ ಬರೆಯುವವರಿಗೆ ಸುರಕ್ಷಿತ ದಾರಿಯನ್ನು ನೀವು ಮೊದಲೇ ತೆರೆದಿಟ್ಟಿರಬೇಕು.

ಕೀಲಿ ಕಳೆದುಹೋಗದಂತೆ

ಕೀಲಿ ನಿಮ್ಮ ಹತ್ತಿರ ಮಾತ್ರ ಇದೆ ಅಂದಮೇಲೆ ಮರೆತರೆ ಕೇಳಲು ಯಾರೂ ಇಲ್ಲ. ಎನ್‌ಕ್ರಿಪ್ಟ್ ಆದ ಬ್ಯಾಕಪ್‌ನ ಪಾಸ್‌ವರ್ಡ್ ಕಳೆದುಕೊಂಡು ಸಹಾಯವಾಣಿಗೆ ಫೋನ್ ಮಾಡಿದರೆ ಅವರ ಕೈಯಲ್ಲೂ ಏನೂ ಆಗುವುದಿಲ್ಲ. ರಿಕವರಿ ಕೀ, ಮುಖ್ಯ ಪಾಸ್‌ವರ್ಡ್ ಎರಡನ್ನೂ ಕಾಗದದ ಮೇಲೆ ಸ್ಪಷ್ಟವಾಗಿ ಬರೆಯಿರಿ. ಸೊನ್ನೆ ಮತ್ತು ಓ ಅಕ್ಷರ ಬೇರೆ ಕಾಣುವಂತಿರಲಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಪೂರ್ತಿ ನಂಬುವ ಒಬ್ಬರ ಹತ್ತಿರ ಇಡಿ. ಅದರ ಫೋಟೋ ತೆಗೆದು ಫೋನ್‌ನಲ್ಲಿ ಇಡಬೇಡಿ, ಅದು ಸೀದಾ ಕ್ಲೌಡ್‌ಗೆ ಹೋಗುತ್ತದೆ. ಬರೆದ ಮೇಲೆ ಒಮ್ಮೆ ಕಾಗದ ನೋಡಿಯೇ ಟೈಪ್ ಮಾಡಿ, ತೆರೆಯುತ್ತದಾ ಅಂತ ಪರೀಕ್ಷಿಸಿ. ಪಾಸ್‌ವರ್ಡ್ ಬದಲಿಸಿದ ದಿನವೇ ಎರಡೂ ಕಡೆಯ ಹಳೆಯ ಚೀಟಿ ಹರಿದುಹಾಕಿ, ಹೊಸದನ್ನು ಬರೆದಿಡಿ.